ಇಟಲಿಯ ಜಿರೋ ಸೈಕಲ್ ಓಟದಲ್ಲಿ ಅತಿ ಕಠಿಣ ಘಾಟಿಯ ನೆತ್ತಿಯಲ್ಲೇ ಹಂತವನ್ನು ಮುಗಿಸಬಾರದೇಕೆ?

ಮೂರು ವಾರ, ದಿನಕ್ಕೊಂದರಂತೆ 21 ಹಂತ ಓಡಿಸಿ, ಕಡಿದಾದ ಘಾಟಿಯನ್ನು ಹತ್ತಿಸಿದ ಮೇಲೂ ಮತ್ತೆ ಇಳಿಸಿ ಇನ್ನೊಂದು ಏರು ತೋರಿಸುವುದೇಕೆ ಎಂದು ಕೇಳಿದ್ದೀರಿ. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ನನ್ನ ಮನಸ್ಸು ಬದಲಿಸಿದ್ದು ಕೊಲ್ಲೆ ಡೆಲ್ಲೆ ಫಿನೆಸ್ಟ್ರೆ.

ಇಟಲಿಯ ಪೀಡ್‌ಮಾಂಟ್ ಪ್ರಾಂತ್ಯದ ಈ ಘಾಟಿ ಸುಮಾರು 18.5 ಕಿ.ಮೀ. ಉದ್ದವಿದೆ. ನೂರು ಮೀಟರ್ ಸಾಗಿದರೆ ಸರಾಸರಿ ಒಂಬತ್ತು ಮೀಟರಿಗೂ ಹೆಚ್ಚು ಏರಬೇಕು. ನೆತ್ತಿ ಇರುವುದು 2,178 ಮೀಟರ್ ಎತ್ತರದಲ್ಲಿ. ಹಿಂದೆ ಸೈನ್ಯಕ್ಕೆಂದು ಕಡಿದ ದಾರಿ ಇದು. ಕೊನೆಯ 8 ಕಿ.ಮೀ.ಗೆ ಡಾಂಬರಿಲ್ಲ, ಬರೀ ಜಲ್ಲಿ. ಎದ್ದು ನಿಂತು ತುಳಿದರೆ ಹಿಂದಿನ ಚಕ್ರ ಹಿಡಿತ ತಪ್ಪಿ ಸುಮ್ಮನೆ ತಿರುಗುತ್ತದೆ, ಸೀಟು ಬಿಡದೆ ಕುಳಿತೇ ತುಳಿಯಬೇಕು. ವೇಗ ತಗ್ಗುವುದರಿಂದ ಮುಂದಿನವರ ಬೆನ್ನಿಗಂಟಿ ಗಾಳಿ ತಪ್ಪಿಸಿಕೊಳ್ಳುವ ಲಾಭವೂ ಕರಗುತ್ತದೆ. ಎಂಥ ತಂಡವಾದರೂ ಇಲ್ಲಿ ಚದುರಿಹೋಗುತ್ತದೆ.

ಮುಕ್ತಾಯದ ಗೆರೆ ನೆತ್ತಿಯಲ್ಲೇ ಇದ್ದರೆ ಬಹಳಷ್ಟು ಸಲ ಎಲ್ಲರೂ ಕೊನೆಯ ಎರಡು ಮೂರು ಕಿಲೋಮೀಟರಿನವರೆಗೆ ಶಕ್ತಿ ಕಾಪಾಡಿಕೊಂಡು ಕಾಯುತ್ತಾರೆ. ಗೆರೆ ದೂರವಿದ್ದರೆ ಯಾರೋ ಒಬ್ಬರು ಧೈರ್ಯ ಮಾಡಲೇಬೇಕು. 2018ರ 19ನೇ ಹಂತದಲ್ಲಿ ಕ್ರಿಸ್ ಫ್ರೂಮ್ ಮಾಡಿದ್ದು ಅದನ್ನೇ: ಇನ್ನೂ ಸುಮಾರು 80 ಕಿ.ಮೀ. ಉಳಿದಿರುವಾಗ ಫಿನೆಸ್ಟ್ರೆಯ ಜಲ್ಲಿಯ ಮೇಲೆ ಒಂಟಿಯಾಗಿ ಮುನ್ನುಗ್ಗಿ ಆ ಹಂತವನ್ನೂ ಗೆದ್ದರು, ಜಿರೋವನ್ನೂ ಗೆದ್ದರು. ಒಟ್ಟು ಸಮಯದಲ್ಲಿ ಮುಂದಿರುವವರ ಗುಲಾಬಿ ಅಂಗಿಯನ್ನು ಅಂದು ತೊಟ್ಟಿದ್ದ ಸೈಮನ್ ಯೇಟ್ಸ್ ಅದೇ ಘಾಟಿಯಲ್ಲಿ ಕುಸಿದು 38 ನಿಮಿಷಕ್ಕೂ ಹೆಚ್ಚು ಕಳೆದುಕೊಂಡರು. ಆ ದೃಶ್ಯ ನೋಡಲಾಗದೆ ನಾನು ಟಿವಿಯ ಮುಂದಿನಿಂದ ಎದ್ದು ಹೋಗಿದ್ದೆ.

2025ರ ಮೇ 31, ಓಟದ ಕೊನೆಯ ಹಿಂದಿನ ದಿನ, ಅದೇ ಘಾಟಿ. ಯೇಟ್ಸ್ ಮೂರನೆಯ ಸ್ಥಾನದಲ್ಲಿ, ಗುಲಾಬಿ ಅಂಗಿಯ 21ರ ಹರೆಯದ ಇಸಾಕ್ ಡೆಲ್ ಟೊರೊಗಿಂತ 1 ನಿಮಿಷ 21 ಸೆಕೆಂಡು ಹಿಂದಿದ್ದರು. ಏರಿನಲ್ಲಿ ಅವರು ಮುಂದೆ ಹೋದರು. ಡೆಲ್ ಟೊರೊ ಮತ್ತು ಎರಡನೆಯ ಸ್ಥಾನದ ರಿಚರ್ಡ್ ಕರಪಾಜ್ ‘ನೀನು ಬೆನ್ನಟ್ಟು’ ಎಂಬಂತೆ ಒಬ್ಬರನ್ನೊಬ್ಬರು ಕಾಯುತ್ತ ಉಳಿದರು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದು ಮುಂದಿನ ದಾರಿಯಲ್ಲಿ. ಬೆಳಗ್ಗೆಯೇ ಮುಂದೆ ಸಾಗಿದ್ದ ಗುಂಪಿನಲ್ಲಿ ಯೇಟ್ಸ್ ತಂಡದ ವೌಟ್ ವಾನ್ ಆರ್ಟ್ ಇದ್ದರು. ಘಾಟಿಯ ಆಚೆ ಯೇಟ್ಸ್‌ಗಾಗಿ ಕಾದು, ಹಂತ ಮುಗಿಯುವ ಊರಾದ ಸೆಸ್ಟ್ರಿಯೆರೆಯ ನಿಧಾನ ಏರಿನ ಕಡೆಗೆ ಮುಂದೆ ನಿಂತು ಎಳೆದರು. ಅಲ್ಲಿ ವೇಗ ಹೆಚ್ಚು, ಗಾಳಿ ತಡೆಯುವ ಬೆನ್ನಿಗೆ ಚಿನ್ನದ ಬೆಲೆ. ಗೆರೆ ತಲುಪುವ ಹೊತ್ತಿಗೆ ಡೆಲ್ ಟೊರೊ ಐದು ನಿಮಿಷಕ್ಕೂ ಹೆಚ್ಚು ಹಿಂದಿದ್ದರು.

ಏಳು ವರ್ಷದ ಹಿಂದೆ ತಮ್ಮಿಂದ ಅಂಗಿ ಕಸಿದ ದಾರಿಯಲ್ಲೇ ಯೇಟ್ಸ್ ಅದನ್ನು ಮರಳಿ ತೊಟ್ಟರು, ಕಣ್ಣೀರು ಸುರಿಸುತ್ತ. ಈ ಸಲ ನಾನು ಟಿವಿಯ ಮುಂದಿನಿಂದ ಏಳಲಿಲ್ಲ.