ಗವರ್ನರ್ ಬ್ರಿಟನ್ನಿನವರು, ಡೆಪ್ಯುಟಿ ದ್ವೀಪದವರು

ಪ್ರಶ್ನೆ: ಕೆರಿಬಿಯನ್ ಸಮುದ್ರದಲ್ಲಿರುವ, ಬ್ರಿಟನ್ನಿಗೆ ಸೇರಿದ ಕೇಮನ್ ದ್ವೀಪಗಳಿಗೆ ಚುನಾಯಿತ ಪ್ರೀಮಿಯರ್ (ಪ್ರಧಾನಿಯಂಥವರು) ಇದ್ದಾರೆ, ಬ್ರಿಟನ್ ಕಳಿಸುವ ಗವರ್ನರ್ ಇದ್ದಾರೆ. ಮತ್ತೆ ಡೆಪ್ಯುಟಿ ಗವರ್ನರ್ ಬೇರೆ ಏಕೆ? ಮೂರು ಪುಟ್ಟ ದ್ವೀಪಗಳಿಗೆ ಅದೊಂದು ಅಲಂಕಾರದ ಹುದ್ದೆಯಲ್ಲವೆ?

ಉತ್ತರ: ಖಂಡಿತ ಅಲ್ಲ. 31 ವರ್ಷ ಸರ್ಕಾರಿ ಕಚೇರಿಯಲ್ಲಿ ಕಡತಗಳ ನಡುವೆ ಕಳೆದವಳು ನಾನು. ನನ್ನನ್ನು ಕೇಳಿದರೆ, ಅಲ್ಲಿನ ಆಡಳಿತ ದಿನವೂ ನಡೆಯುವುದು ಈ ಕುರ್ಚಿಯಿಂದಲೇ.

ರಕ್ಷಣೆ, ವಿದೇಶ ವ್ಯವಹಾರ, ಪೊಲೀಸರೂ ಸೇರಿದ ಆಂತರಿಕ ಭದ್ರತೆ, ಸರ್ಕಾರಿ ನೌಕರರ ನೇಮಕ, ಇಷ್ಟನ್ನು ಸಂವಿಧಾನ ಗವರ್ನರ್ ಕೈಯಲ್ಲಿಟ್ಟಿದೆ. ಉಳಿದದ್ದು ಬಹುಮಟ್ಟಿಗೆ ಪ್ರೀಮಿಯರ್ ಮತ್ತು ಮಂತ್ರಿಗಳದು. ಇದರಲ್ಲಿ ನೌಕರವರ್ಗದ ಹೊಣೆಯನ್ನು ಗವರ್ನರ್ ತಮ್ಮ ಡೆಪ್ಯುಟಿಗೆ ವಹಿಸಿಕೊಡುತ್ತಾರೆ. ಹಾಗಾಗಿ ಇಡೀ ಸಿವಿಲ್ ಸರ್ವಿಸ್‌ಗೆ ಡೆಪ್ಯುಟಿಯೇ ಮುಖ್ಯಸ್ಥರು. ಸಚಿವಾಲಯಗಳ ಚೀಫ್ ಆಫೀಸರ್‌ಗಳನ್ನು, ಅಂದರೆ ಅಲ್ಲಿನ ಹಿರಿಯ ಅಧಿಕಾರಿಗಳನ್ನು, ನೇಮಿಸುವ ಅಧಿಕಾರ ಮಂತ್ರಿಗಿಲ್ಲ, ಇವರಿಗಿದೆ. ಮಂತ್ರಿ ಬದಲಾದಾಗಲೆಲ್ಲ ಒಳ್ಳೆಯ ಅಧಿಕಾರಿಗಳು ಎತ್ತಂಗಡಿಯಾಗುವುದನ್ನು ಕಣ್ಣಾರೆ ಕಂಡವಳಿಗೆ ಇದು ಸಣ್ಣ ಸಂಗತಿಯಾಗಿ ತೋರುವುದಿಲ್ಲ.

ಹಿಂದೆ ಈ ಹುದ್ದೆಯನ್ನು ಚೀಫ್ ಸೆಕ್ರೆಟರಿ ಎನ್ನುತ್ತಿದ್ದರು. 2009ರ ನವೆಂಬರಿನಲ್ಲಿ ಜಾರಿಗೆ ಬಂದ ಸಂವಿಧಾನ ಹೆಸರು ಬದಲಿಸಿತು. ಜೊತೆಗೆ ಒಂದು ಷರತ್ತನ್ನೂ ಹಾಕಿತು: ಡೆಪ್ಯುಟಿ ಗವರ್ನರ್ ಕೇಮನ್‌ನವರೇ ಆಗಿರಬೇಕು. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇದೇ. ಗವರ್ನರ್‌ಗಳು ಕೆಲವು ವರ್ಷ ಇದ್ದು ಹೊರಟುಹೋಗುತ್ತಾರೆ, ಅಲ್ಲೇ ಹುಟ್ಟಿ ಬೆಳೆದವರು ಉಳಿಯುತ್ತಾರೆ. ಆಗ ಚೀಫ್ ಸೆಕ್ರೆಟರಿಯಾಗಿದ್ದ ಡೊನೊವನ್ ಎಬ್ಯಾಂಕ್ಸ್ ಅವರೇ ಮೊದಲ ಡೆಪ್ಯುಟಿ ಗವರ್ನರ್ ಆದರು. 2012ರಲ್ಲಿ ಫ್ರಾನ್ಜ್ ಮ್ಯಾಂಡರ್ಸನ್ ಬಂದರು. ಹಿಂದೆ ಇಮಿಗ್ರೇಷನ್ ಇಲಾಖೆಯ ಮುಖ್ಯಸ್ಥರಾಗಿದ್ದವರು, ಕೆಳಗಿನ ಮೆಟ್ಟಿಲುಗಳನ್ನು ಹತ್ತಿಯೇ ಮೇಲೆ ಬಂದವರು.

ಆ ಷರತ್ತು ಎಷ್ಟು ಉಪಯೋಗಕ್ಕೆ ಬಂತು ಎಂಬುದಕ್ಕೆ 2018 ನೋಡಿ. ಮಾರ್ಚಿನಲ್ಲಷ್ಟೇ ಅಧಿಕಾರ ವಹಿಸಿಕೊಂಡಿದ್ದ ಗವರ್ನರ್ ಅನ್ವರ್ ಚೌಧುರಿ ಅವರನ್ನು ಬ್ರಿಟನ್ ಜೂನಿನಲ್ಲಿ ವಾಪಸ್ ಕರೆಸಿಕೊಂಡಿತು. ಹೊಸ ಗವರ್ನರ್ ಮಾರ್ಟಿನ್ ರೋಪರ್ ಬಂದು ಪ್ರಮಾಣವಚನ ಸ್ವೀಕರಿಸುವಾಗ ಅಕ್ಟೋಬರ್ ಕೊನೆ. ಅಷ್ಟೂ ತಿಂಗಳು ಮ್ಯಾಂಡರ್ಸನ್ ಅವರೇ ಹಂಗಾಮಿ ಗವರ್ನರ್. ಮನೆಯ ಬೀಗದ ಕೈ ಮನೆಯವರ ಬಳಿಯೇ ಇತ್ತು.

ಡೆಪ್ಯುಟಿ ಗವರ್ನರ್ ಅಧಿಕಾರಕ್ಕೆ ಮಿತಿಯೂ ಇದೆ. ಸಂಪುಟದಲ್ಲೂ ಸಂಸತ್ತಿನಲ್ಲೂ ಅವರಿಗೆ ಸ್ಥಾನವುಂಟು, ಮತ ಹಾಕುವಂತಿಲ್ಲ. ಜನ ಆರಿಸಿ ಕಳಿಸಿದವರಲ್ಲವಲ್ಲ, ಅದು ನ್ಯಾಯವೇ. ಆದರೆ ಸಿವಿಲ್ ಸರ್ವಿಸ್ ಬಗ್ಗೆ ಸದಸ್ಯರು ಪ್ರಶ್ನೆ ಕೇಳಿದಾಗ ಸಂಸತ್ತಿನಲ್ಲಿ ಎದ್ದು ನಿಂತು ಉತ್ತರ ಕೊಡಬೇಕಾದವರು ಅವರೇ.