ಆಹಾರ ರಸಾಯನದಲ್ಲಿ ಪಿಎಚ್.ಡಿ.: ದೊಡ್ಡ ಲ್ಯಾಬಿಗೆ ಹೋಗಬೇಕಾ, ಮನೆ ಹತ್ತಿರ ಇರಬೇಕಾ?

ಕೆಮಿಸ್ಟ್ರಿ ಎಂ.ಎಸ್ಸಿ. ಮುಗಿದಿದೆ, ಊರು ಜಮಖಂಡಿ, ಬೆಲ್ಲದ ಗುಣಮಟ್ಟದ ಮೇಲೆ ಪಿಎಚ್.ಡಿ. ಮಾಡುವ ಆಸೆ. ಎಚ್‌ಪಿಎಲ್‌ಸಿ (ಮಿಶ್ರಣದಲ್ಲಿರುವ ವಸ್ತುಗಳನ್ನು ಬೇರ್ಪಡಿಸಿ ಅಳೆಯುವ) ಯಂತ್ರ ಇರುವ ದೂರದ ಲ್ಯಾಬಿಗೆ ಹೋಗಲಾ ಅಥವಾ ಬೆಳಗಾವಿ, ಬಾಗಲಕೋಟೆ ಕಡೆಯೇ ಉಳಿಯಲಾ ಅಂತ ಕೇಳಿದ್ದೀರಿ. ಓದುತ್ತಾ ನನ್ನ ಹಳೆಯ ಡೈರಿಯನ್ನೇ ಓದಿದ ಹಾಗಾಯಿತು. ನನ್ನದೂ ಬೆಲ್ಲವೇ. ಯಂತ್ರ ಎಲ್ಲಿದೆ ಅನ್ನುವ ಚಿಂತೆಯಲ್ಲಿ ನಾನು ಒಂದೂವರೆ ವರ್ಷ ಕಳೆದುಕೊಂಡೆ.

ನಾನು ಸೇರಿದ್ದು ಬೆಳಗಾವಿಯ ಒಂದು ಲ್ಯಾಬಿಗೆ. ಅಲ್ಲಿ ಬ್ಯುರೆಟ್, ಪಿಎಚ್ ಮೀಟರ್, ರಿಫ್ರಾಕ್ಟೋಮೀಟರ್, ಒಂದು ಸಾಮಾನ್ಯ ಓವನ್ ಇದ್ದವು. ಎಚ್‌ಪಿಎಲ್‌ಸಿ ಇರಲಿಲ್ಲ. ಬೇರೆ ಊರಿನ ಲ್ಯಾಬ್ ಒಂದರಲ್ಲಿ ಆಗಸ್ಟ್ ತಿಂಗಳಲ್ಲಿ ಹತ್ತು ದಿನ ಯಂತ್ರ ಬಳಸಲು ನಮ್ಮ ಗೈಡ್ ಒಪ್ಪಿಗೆ ತೆಗೆದುಕೊಟ್ಟರು. ನನಗೆ ಆಕಾಶವೇ ಸಿಕ್ಕಷ್ಟು ಖುಷಿ.

ನನ್ನ ವಿಷಯ ಸರಳವಾಗಿತ್ತು. ಮುಧೋಳ, ಮಹಾಲಿಂಗಪುರ ಕಡೆಯ ಗಾಣಗಳಲ್ಲಿ ಕೆಲವರು ಕಬ್ಬಿನ ಹಾಲಿಗೆ ಸುಣ್ಣ ಮತ್ತು ಬೆಂಡೆ ಗಿಡದ ಲೋಳೆ ಹಾಕಿ ಬೆಲ್ಲ ತೆಗೆಯುತ್ತಾರೆ. ಲೋಳೆ ಕಾಯುವಾಗ ಹಾಲಿನ ಕಸವನ್ನೆಲ್ಲ ಹಿಡಿದುಕೊಂಡು ಮೇಲೆ ಬರುತ್ತದೆ, ಅದನ್ನು ಜರಡಿಯಿಂದ ಎತ್ತಿ ಹಾಕುತ್ತಾರೆ. ಇನ್ನು ಕೆಲವರು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್, ಹಾಕುತ್ತಾರೆ. ಬಣ್ಣ ಹಳದಿ ಬರುತ್ತದೆ, ಪೇಟೆಯಲ್ಲಿ ದರ ಸಿಗುತ್ತದೆ. ಆದರೆ ಗಂಧಕದ ಅಂಶ ಉಳಿಯುತ್ತದೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ ಒಂದು ಕಿಲೋಗೆ 70 ಮಿಲಿಗ್ರಾಂ ದಾಟಬಾರದು ಅಂತ ನಿಯಮವಿದೆ. ಈ ಎರಡು ಬಗೆಯ ಬೆಲ್ಲದಲ್ಲಿ ಸಕ್ಕರೆಗಳ ಪ್ರಮಾಣ ಹೇಗೆ ಬೇರೆಯಾಗುತ್ತದೆ, ಎಚ್‌ಎಂಎಫ್ ಎಷ್ಟಿರುತ್ತದೆ ಅಂತ ನೋಡುವುದು ನನ್ನ ಕೆಲಸ. ಎಚ್‌ಎಂಎಫ್ ಅಂದರೆ ಸಕ್ಕರೆ ಕಾದಾಗ, ಹಳೆಯದಾದಾಗ ಹುಟ್ಟುವ ಒಂದು ವಸ್ತು. ಅದನ್ನು ಎಚ್‌ಪಿಎಲ್‌ಸಿಯಲ್ಲಿ 284 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಾರೆ. ನನ್ನ ಕಣ್ಣೆಲ್ಲ ಆ ಯಂತ್ರದ ಮೇಲೆ.

ಈಗ ತಪ್ಪು ಎಲ್ಲಾಯಿತು ಅಂತ ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಆದರೆ ಪೂರ್ತಿ ಓದಿ.

ನವೆಂಬರ್‌ನಲ್ಲಿ ಹಂಗಾಮು ಶುರುವಾಯಿತು. ಮೊದಲು ಹೋಗಿದ್ದು ಪರಿಚಯದವರ ಗಾಣಗಳಿಗೆ. ಅವರೆಲ್ಲ ಹೈಡ್ರೋಸ್ ಹಾಕದವರು. 24 ಸ್ಯಾಂಪಲ್ ತಂದೆ. ತೆಳ್ಳನೆಯ ಪಾಲಿಥಿನ್ ಚೀಲಕ್ಕೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿದೆ. ಹೈಡ್ರೋಸ್ ಹಾಕುವವರ ನಂಬಿಕೆ ಗಳಿಸಲು ಹೊತ್ತು ಹಿಡಿಯಿತು. ಅವರ 24 ಸ್ಯಾಂಪಲ್ ಸಿಕ್ಕಿದ್ದು ಫೆಬ್ರುವರಿಯಲ್ಲಿ. ಅಷ್ಟರಲ್ಲಿ ಲ್ಯಾಬಿಗೆ ದಪ್ಪನೆಯ ಜಿಪ್ ಚೀಲ ಬಂದಿದ್ದವು, ಅವುಗಳಲ್ಲಿ ಹಾಕಿದೆ. 48 ಚೀಲವನ್ನೂ ಸ್ಟೀಲ್ ಕಪಾಟಿನಲ್ಲಿಟ್ಟು ಬೀಗ ಹಾಕಿ ಆಗಸ್ಟ್‌ಗಾಗಿ ಕಾಯುತ್ತಾ ಕುಳಿತೆ. ಓದಿದೆ, ಟಿಪ್ಪಣಿ ಮಾಡಿದೆ. ಆದರೆ ಕಪಾಟು ತೆಗೆದು ಒಂದೇ ಒಂದು ಚೂರನ್ನೂ ಪರೀಕ್ಷೆ ಮಾಡಲಿಲ್ಲ. ಎಲ್ಲವನ್ನೂ ಒಟ್ಟಿಗೆ ಆ ಯಂತ್ರದಲ್ಲೇ ಮಾಡಿದರೆ ಚೆಂದ ಅಂದುಕೊಂಡಿದ್ದೆ.

ಬೆಳಗಾವಿ ಮಳೆ ನಿಮಗೆ ಗೊತ್ತಲ್ವಾ? ಮುಧೋಳದ ಒಣ ಹವೆಯಲ್ಲಿ ಹುಟ್ಟಿದ ಬೆಲ್ಲ ಜೂನ್, ಜುಲೈ ಪೂರ್ತಿ ಆ ಥಂಡಿಯಲ್ಲಿ ಕೂತಿತ್ತು. ಬೆಲ್ಲ ಗಾಳಿಯಿಂದ ನೀರು ಎಳೆದುಕೊಳ್ಳುತ್ತದೆ. ಒಳಗೆ ಸ್ವಲ್ಪ ಹುಳಿ ಅಂಶ ಇದ್ದೇ ಇರುತ್ತದೆ. ನೀರು, ಹುಳಿ ಎರಡೂ ಸೇರಿದರೆ ಬೆಲ್ಲದ ಮುಖ್ಯ ಸಕ್ಕರೆಯಾದ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗುತ್ತದೆ. ಫ್ರಕ್ಟೋಸ್‌ಗೆ ನೀರಿನ ದಾಹ ಇನ್ನೂ ಜಾಸ್ತಿ. ಅದು ಮತ್ತಷ್ಟು ನೀರು ಎಳೆಯುತ್ತದೆ, ಮತ್ತಷ್ಟು ಸುಕ್ರೋಸ್ ಒಡೆಯುತ್ತದೆ. ಹೀಗೆ ಸುತ್ತು ಹೊಡೆಯುತ್ತಲೇ ಇರುತ್ತದೆ. ಜೊತೆಗೆ ಬಣ್ಣ ಕಪ್ಪಾಗುತ್ತದೆ, ಎಚ್‌ಎಂಎಫ್ ಏರುತ್ತದೆ.

ಆಗಸ್ಟ್‌ನಲ್ಲಿ ಯಂತ್ರ ಕೊಟ್ಟ ಉತ್ತರ ಬಲು ಸ್ಪಷ್ಟವಾಗಿತ್ತು. ಹೈಡ್ರೋಸ್ ಹಾಕದ ಬೆಲ್ಲದಲ್ಲಿ ಒಡೆದ ಸಕ್ಕರೆ ಜಾಸ್ತಿ, ಎಚ್‌ಎಂಎಫ್ ಜಾಸ್ತಿ. ಲೋಳೆ ಹಾಕಿದ ಬೆಲ್ಲವೇ ಬೇಗ ಕೆಡುತ್ತದೆ ಅಂತ ಬರೆದುಕೊಂಡೆ. ಅಂಕಿಅಂಶದ ಪರೀಕ್ಷೆ ಕೂಡ ವ್ಯತ್ಯಾಸ ನಿಜ ಅಂದಿತು. ವಿಭಾಗದ ಸೆಮಿನಾರಿನಲ್ಲಿ ಹೇಳಿದೆ, ಯಾರೂ ತಪ್ಪು ಹಿಡಿಯಲಿಲ್ಲ.

ಹಿಡಿದವರು ಮಹಾಲಿಂಗಪುರದ ಹತ್ತಿರದ ಒಂದು ಗಾಣದಲ್ಲಿ ಬೆಲ್ಲ ಕಾಯಿಸುವ ಹಿರಿಯರು. ಮುಂದಿನ ಹಂಗಾಮಿನಲ್ಲಿ ಅವರಿಗೆ ತೋರಿಸೋಣ ಅಂತ ಉಳಿದ ಚೂರು ತೆಗೆದುಕೊಂಡು ಹೋಗಿದ್ದೆ. ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಒತ್ತಿದರು, ಮೂಸಿದರು.

"ತಂಗೀ, ಇದು ನನ್ನ ಬೆಲ್ಲ ಅಲ್ಲ."

"ನಿಮ್ಮದೇ ರೀ ಕಾಕಾ, ಚೀಟಿ ನೋಡ್ರಿ."

"ಚೀಟಿ ನಂದ ಇರಬಹುದು. ಇದು ಮಳಿಗಾಲ ಉಂಡ ಬಂದೈತಿ. ಯಾವಾಗ ಒಯ್ದಿದ್ದಿ?"

ಕಳೆದ ನವೆಂಬರ್ ಅಂದೆ. ಅವರು ಮತ್ತೇನೂ ಹೇಳಲಿಲ್ಲ, ಕೊಪ್ಪರಿಗೆ ಕಡೆ ತಿರುಗಿದರು. ನಾನು ಅಲ್ಲೇ ರವದಿಯ ರಾಶಿ ಮೇಲೆ ಕುಳಿತು ನೋಟ್‌ಬುಕ್ ತೆಗೆದೆ. ಕೈ ತಣ್ಣಗಾಗಿತ್ತು.

ಎರಡು ಗುಂಪಿನ ನಡುವೆ ಹೈಡ್ರೋಸ್ ಒಂದೇ ವ್ಯತ್ಯಾಸ ಅಂತ ನಾನು ತಿಳಿದಿದ್ದೆ. ನಿಜವಾಗಿ ನಾಲ್ಕು ಇದ್ದವು. ಮೊದಲ ಗುಂಪು ಕಪಾಟಿನಲ್ಲಿ ಒಂಬತ್ತು ತಿಂಗಳು ಇತ್ತು, ಎರಡನೆಯದು ಆರು. ಮೊದಲನೆಯದು ರಬ್ಬರ್ ಬ್ಯಾಂಡಿನ ತೆಳು ಚೀಲದಲ್ಲಿತ್ತು, ಎರಡನೆಯದು ಜಿಪ್ ಚೀಲದಲ್ಲಿ. ಮೊದಲನೆಯದರ ಕಬ್ಬು ನವೆಂಬರ್‌ನದು, ಇನ್ನೂ ಪೂರ್ತಿ ಬಲಿತಿರಲಿಲ್ಲ. ಬಲಿಯದ ಕಬ್ಬಿನಲ್ಲಿ ಗ್ಲೂಕೋಸ್, ಫ್ರಕ್ಟೋಸ್ ಮೊದಲೇ ಜಾಸ್ತಿ. ಈ ಮೂರೂ ಒಂದೇ ಕಡೆಗೆ ವಾಲುತ್ತವೆ. ಮೂರೂ ಸೇರಿ ಲೋಳೆ ಬೆಲ್ಲಕ್ಕೆ ಕೆಟ್ಟ ಹೆಸರು ತಂದವು. ಹೈಡ್ರೋಸ್ ಎಷ್ಟು ಕೆಲಸ ಮಾಡಿದೆ, ಮಳೆ ಎಷ್ಟು ಮಾಡಿದೆ ಅಂತ ಬಿಡಿಸಿ ಹೇಳಲು ಜಗತ್ತಿನ ಯಾವ ಯಂತ್ರಕ್ಕೂ ಆಗುವುದಿಲ್ಲ. ಅದಕ್ಕೆ ಇಟ್ಟಿದ್ದನ್ನು ಅದು ನಿಖರವಾಗಿ ಅಳೆಯಿತು. ನಾನು ಇಟ್ಟಿದ್ದೇ ತಪ್ಪು.

ಆ 48 ಸ್ಯಾಂಪಲ್‌ಗಳನ್ನೂ ಬಿಟ್ಟೆ. ಇಡೀ ಹಂಗಾಮು ಮತ್ತೆ ಮಾಡಿದೆ. ಅದು ಬರೀ ನನ್ನ ಸಮಯದ ನಷ್ಟ ಆಗಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಆ ಫಲಿತಾಂಶ ಅಚ್ಚಾಗಿದ್ದರೆ ಬೆಂಡೆ ಲೋಳೆ ಹಾಕಿ ಪ್ರಾಮಾಣಿಕವಾಗಿ ಬೆಲ್ಲ ಮಾಡುವ ಮನೆಗಳಿಗೆ ನಾನೇ ಕಲ್ಲು ಹಾಕಿದಂತೆ ಆಗುತ್ತಿತ್ತು.

ಎರಡನೇ ಸಲ ಎರಡೂ ಬಗೆಯ ಗಾಣಗಳಿಗೆ ಒಂದೇ ವಾರದಲ್ಲಿ ಹೋದೆ. ಯಾವುದಕ್ಕೆ ಮೊದಲು ಅಂತ ಚೀಟಿ ಎತ್ತಿ ತೀರ್ಮಾನಿಸಿದೆ. ಪೆಂಟೆ (ಬೆಲ್ಲದ ಅಚ್ಚು) ಒಡೆದು ಒಳಗಿನ ಮತ್ತು ಹೊರಗಿನ ಭಾಗ ಎರಡನ್ನೂ ತೆಗೆದುಕೊಂಡೆ. ಅಲ್ಯೂಮಿನಿಯಂ ಪದರದ ಚೀಲಕ್ಕೆ ಹಾಕಿ ಅಲ್ಲೇ ಸೀಲ್ ಮಾಡಿದೆ. ಪ್ರತಿ ಸ್ಯಾಂಪಲ್‌ಗೂ ಒಂದು ಪುಟ: ಕಬ್ಬಿನ ತಳಿ ಯಾವುದು, ನಾಟಿ ಕಬ್ಬಾ ಕೂಳೆ ಕಬ್ಬಾ, ಕಡಿದು ಎಷ್ಟು ತಾಸಿಗೆ ಅರೆದರು, ಸುಣ್ಣ ಎಷ್ಟು, ಕೊಪ್ಪರಿಗೆ ಇಳಿಸುವಾಗ ಥರ್ಮಾಮೀಟರ್ ಎಷ್ಟು ತೋರಿಸಿತು. ಕಾಕಾ ಥರ್ಮಾಮೀಟರ್ ನೋಡುವವರಲ್ಲ. ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡಿ "ಇಳಸ್ರಿ" ಅನ್ನುತ್ತಿದ್ದರು. ನನ್ನ ಥರ್ಮಾಮೀಟರ್ ಆಗ 118 ಡಿಗ್ರಿ ಆಸುಪಾಸು ಇರುತ್ತಿತ್ತು.

ಪರೀಕ್ಷೆಯನ್ನು ಅದೇ ವಾರ ನಮ್ಮ ಲ್ಯಾಬಿನಲ್ಲೇ ಮಾಡಿದೆ. ಒಡೆದ ಸಕ್ಕರೆ ಅಳೆಯಲು ಲೇನ್ ಮತ್ತು ಐನನ್ 1923ರಲ್ಲಿ ಕೊಟ್ಟ ವಿಧಾನ ಸಾಕು. ಕುದಿಯುವ ಫೆಹ್ಲಿಂಗ್ ದ್ರಾವಣಕ್ಕೆ (ತಾಮ್ರದ ನೀಲಿ ದ್ರಾವಣ) ಬ್ಯುರೆಟ್‌ನಿಂದ ಬೆಲ್ಲದ ನೀರು ಬಿಡಬೇಕು, ಮೆಥಿಲೀನ್ ಬ್ಲೂ ಬಣ್ಣ ಹೋಗಿ ಇಟ್ಟಿಗೆ ಕೆಂಪು ಉಳಿಯಬೇಕು. ಕುದಿ ನಿಲ್ಲಬಾರದು, ನಿಂತರೆ ಗಾಳಿ ತಾಗಿ ನೀಲಿ ಮರಳಿ ಬರುತ್ತದೆ. ಕುದಿ ಶುರುವಾದ ಮೂರು ನಿಮಿಷದೊಳಗೆ ಮುಗಿಸಬೇಕು. ತೇವಾಂಶ ಅಳೆಯಲು 105 ಡಿಗ್ರಿ ಓವನ್ ಬಳಸಬೇಡಿ. ಆ ಶಾಖಕ್ಕೆ ಫ್ರಕ್ಟೋಸೇ ಒಡೆದು ತೂಕ ಇಳಿಯುತ್ತದೆ, ನೀರು ಹೋಯಿತು ಅಂತ ನಾವು ಬರೆದುಕೊಳ್ಳುತ್ತೇವೆ. 70 ಡಿಗ್ರಿ ಮೀರದ ವ್ಯಾಕ್ಯೂಮ್ ಓವನ್ ಬೇಕು. ಅದೊಂದಕ್ಕೆ ಪಕ್ಕದ ಲ್ಯಾಬಿಗೆ ಓಡಾಡಿದೆ. ಎಚ್‌ಎಂಎಫ್‌ಗೆ ಮಾತ್ರ ದೊಡ್ಡ ಯಂತ್ರ ಬೇಕಿತ್ತು. ಅದರ ಪಾಲನ್ನು ಮೈನಸ್ 20 ಡಿಗ್ರಿಯಲ್ಲಿ ಇಟ್ಟೆ, ಯಂತ್ರ ಸಿಗುವವರೆಗೆ ಕೆಡದೇ ಉಳಿಯಿತು.

ಈ ಸಲ ಲೋಳೆ ಬೆಲ್ಲಕ್ಕೂ ಹೈಡ್ರೋಸ್ ಬೆಲ್ಲಕ್ಕೂ ಒಡೆದ ಸಕ್ಕರೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ನನಗೆ ಸಿಗಲಿಲ್ಲ. ದೊಡ್ಡ ವ್ಯತ್ಯಾಸ ಕಂಡಿದ್ದು ನೋಟ್‌ಬುಕ್ಕಿನ ಬೇರೆ ಕಾಲಮಿನಲ್ಲಿ. ಕಡಿದ ದಿನವೇ ಅರೆದ ಕಬ್ಬು, ಎರಡು ದಿನ ಬಿಸಿಲಲ್ಲಿ ಬಿದ್ದ ಕಬ್ಬು. ಕೊನೆಗೆ ನನ್ನ ಪ್ರಬಂಧ ಅದರ ಮೇಲೆಯೇ ಆಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ದೂರ, ಹತ್ತಿರ ಅಂತ ತೂಗುವುದನ್ನು ಬಿಡಿ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಇದೆ, ಆಹಾರ ಸಂಶೋಧನೆಗೆ ದೊಡ್ಡ ಮನೆ. ಸೀಟು ಸಿಕ್ಕರೆ ಖಂಡಿತ ಹೋಗಿ. ಬಾಗಲಕೋಟೆಯಲ್ಲೇ ತೋಟಗಾರಿಕೆ ವಿಶ್ವವಿದ್ಯಾಲಯ ಇದೆ, ಬೆಳಗಾವಿಯಲ್ಲಿ ನಿಜಲಿಂಗಪ್ಪ ಸಕ್ಕರೆ ಸಂಸ್ಥೆ ಇದೆ, ಅವುಗಳನ್ನೂ ವಿಚಾರಿಸಿ. ಆದರೆ ಗೈಡ್ ಹತ್ತಿರ ಹೋದಾಗ ಯಾವ ಯಂತ್ರ ಇದೆ ಅಂತ ಮೊದಲು ಕೇಳಬೇಡಿ. ಸ್ಯಾಂಪಲ್ ತರಲು ಓಡಾಡುವ ಖರ್ಚು ಯಾರು ಕೊಡುತ್ತಾರೆ, ಡೀಪ್ ಫ್ರೀಜರ್‌ನಲ್ಲಿ ಜಾಗ ಇದೆಯಾ, ಕರೆಂಟ್ ಹೋದರೆ ಅದಕ್ಕೆ ಜನರೇಟರ್ ಇದೆಯಾ ಅಂತ ಕೇಳಿ. ಅವರು ಈ ಪ್ರಶ್ನೆಗೆ ಬೇಸರ ಮಾಡಿಕೊಂಡರೆ ಬೇರೆ ಗೈಡ್ ಹುಡುಕಿ. ನಾನು ಇದನ್ನು ಗಟ್ಟಿಯಾಗಿಯೇ ಹೇಳುತ್ತೇನೆ.

"ಬೆಲ್ಲ ಹಳೆಯ ವಿಷಯ, ಜರ್ನಲ್‌ನವರು ತೆಗೆದುಕೊಳ್ಳುತ್ತಾರಾ" ಅಂತಲೂ ಕೇಳಿದ್ದೀರಿ. ನಮ್ಮ ಮೂರು ಜಿಲ್ಲೆಗಳಲ್ಲಿ ಹುಡುಕಿದಷ್ಟು ಕೆಲಸ ಇದೆ. ವಿಜಯಪುರದ ಒಣದ್ರಾಕ್ಷಿ ಯಾಕೆ ಹಸಿರು ಬಿಟ್ಟು ಕಂದಾಗುತ್ತದೆ, ಗೋಕಾಕದ ಕರದಂಟಿನ ಗೋಡಂಬಿ, ಬಾದಾಮಿ ಯಾವಾಗ ಕಮಟು ಹಿಡಿಯುತ್ತವೆ, ಜೋಳದ ಹಿಟ್ಟು ಬೇಸಿಗೆಯಲ್ಲಿ ಎಷ್ಟು ದಿನಕ್ಕೆ ಕಹಿಯಾಗುತ್ತದೆ. ಕಮಟು ಅಳೆಯುವ ಪೆರಾಕ್ಸೈಡ್ ಪರೀಕ್ಷೆಗೂ ಬ್ಯುರೆಟ್ ಸಾಕು. ವಿಷಯ ಹಳೆಯದು ಅನ್ನಿಸುವುದು ಅದನ್ನು ಹತ್ತಿರದಿಂದ ನೋಡದೇ ಇದ್ದಾಗ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಜಮಖಂಡಿಯಿಂದ ಮಹಾಲಿಂಗಪುರ ಏನು ದೂರ? ನವೆಂಬರ್ ಬರಲಿ, ಬೆಳಿಗ್ಗೆ ಆರಕ್ಕೆ ಒಂದು ಗಾಣಕ್ಕೆ ಹೋಗಿ. ಸಂಜೆ ತನಕ ಇರಿ. ಎಲ್ಲವನ್ನೂ ಬರೆದುಕೊಳ್ಳಿ, ಹೊರಡುವಾಗ ಒಂದು ಪೆಂಟೆ ಕೊಂಡು ಅದನ್ನು ಎರಡು ಭಾಗ ಮಾಡಿ. ಒಂದನ್ನು ಗಾಳಿಯಾಡದ ಡಬ್ಬಿಯಲ್ಲಿ, ಇನ್ನೊಂದನ್ನು ರಬ್ಬರ್ ಬ್ಯಾಂಡ್ ಹಾಕಿದ ತೆಳು ಚೀಲದಲ್ಲಿ ಇಟ್ಟು ಮಳೆಗಾಲ ದಾಟಿಸಿ. ಜುಲೈ ಕೊನೆಗೆ ಎರಡನ್ನೂ ಹೆಬ್ಬೆರಳಿನಿಂದ ಒತ್ತಿ ನೋಡಿ. ಆಮೇಲೆ ಇಲ್ಲೇ ಬರೆಯಿರಿ, ನಾನು ಓದುತ್ತೇನೆ.