ಸ್ವಂತ ಬಿಸಿನೆಸ್ಸಲ್ಲಿ ಸುಸ್ತಾಗಿದೀನಿ, ಇದು ಸೋಮಾರಿತನಾನ?

ನಾಲ್ಕು ವರ್ಷದಿಂದ ಸ್ವಂತ ಬಿಸಿನೆಸ್, ಈಗ ಬೆಳಗ್ಗೆ ಶಟರ್ ಎತ್ತಕ್ಕೇ ಮನಸ್ಸು ಬರ್ತಿಲ್ಲ, ಇದು ಸೋಮಾರಿತನಾನ ಅಂತ ಕೇಳಿದೀರ. ಸೋಮಾರಿ ಆಗಿದ್ರೆ ನಾಲ್ಕು ವರ್ಷ ಎಲ್ಲಿ ನಡೀತಿತ್ತು ಬಿಡಿ.

ನಂದು ಪೀಣ್ಯದಲ್ಲಿ ಚಿಕ್ಕ ಶೆಡ್ಡು, ಸಿಎನ್‌ಸಿ ಜಾಬ್ ವರ್ಕ್ (ಕಂಪ್ಯೂಟರ್ ಮಷಿನ್ನಲ್ಲಿ ಬೇರೆ ಕಂಪನಿಗಳಿಗೆ ಪಾರ್ಟ್ಸ್ ಕೊರೆದು ಕೊಡೋದು), ಒಂಬತ್ತು ಜನ ಹುಡುಗ್ರು. ಕೆಲಸ ಮಾಡಿ ಸುಸ್ತಾಗಿದ್ದು ಕಮ್ಮಿ, ಆಪರೇಟರ್ ಬರ್ದಿದ್ರೆ ನೈಟ್ ಶಿಫ್ಟಿಗೆ ನಾನೇ ನಿಂತಿದೀನಿ. ಸುಸ್ತು ಮಾಡಿದ್ದು ತಾರೀಖುಗಳು. 7ಕ್ಕೆ ಸಂಬಳ, 11ಕ್ಕೆ ಜಿಎಸ್‌ಟಿಆರ್-1 ಅಂತ ಹಾಕಿದ ಬಿಲ್ಲುಗಳ ಜಿಎಸ್‌ಟಿ ಲೆಕ್ಕ, 15ಕ್ಕೆ ಪಿಎಫ್, 20ಕ್ಕೆ 3ಬಿ ಅಂತ ಜಿಎಸ್‌ಟಿ ಕಟ್ಟೋ ರಿಟರ್ನು, ಆರ್ಡರ್ ಕೊಟ್ಟ ಪಾರ್ಟಿ ಇನ್ನೂ ದುಡ್ಡೇ ಕೊಟ್ಟಿರಲ್ಲ ಆದ್ರೆ ಬಿಲ್ ಹಾಕಿದ್ದಕ್ಕೆ ಟ್ಯಾಕ್ಸ್ ನಾವು ಕೈಯಿಂದ ಕಟ್ಟಿರ್ಬೇಕು. ಸಣ್ಣ ಯೂನಿಟ್ಟಿಗೆ ಹೆಚ್ಚಂದ್ರೆ 45 ದಿನದಲ್ಲಿ ಪೇಮೆಂಟ್ ಮಾಡ್ಬೇಕು ಅಂತ 2006ರ ಎಂಎಸ್‌ಎಂಇ ಕಾಯ್ದೆಲೇ ಇದೆ, ದುಡ್ಡು ಬರ್ದಿದ್ರೆ ಕಂಪ್ಲೇಂಟ್ ಕೊಡಕ್ಕೆ ಸಮಾಧಾನ್ ಅಂತ ಸರ್ಕಾರ ಪೋರ್ಟಲ್ಲೂ ಮಾಡಿತ್ತು, (ಹೆಸರು ಚೆನ್ನಾಗಿದೆ) ಆದ್ರೆ ಕಂಪ್ಲೇಂಟ್ ಕೊಟ್ಟವನಿಗೆ ಮುಂದಿನ ಆರ್ಡರ್ ಯಾರು ಕೊಡ್ತಾರೆ ಹೇಳಿ.

ಇದಕ್ಕಿಂತ ಜಾಸ್ತಿ ನನ್ನ ತಿಂದಿದ್ದು ಒಬ್ಬೊಬ್ಬರ ಮುಂದೆ ಒಂದೊಂದು ಮುಖ ಹಾಕೋದು. ಬ್ಯಾಂಕ್ ಮ್ಯಾನೇಜರ್ ಹತ್ರ ಆರ್ಡರ್ ಫುಲ್ ಇದೆ ಸಾರ್, ಆರ್ಡರ್ ಕೊಡೋ ಕಂಪನಿ ಪರ್ಚೇಸಿನವರ ಹತ್ರ ತುಂಬಾ ಕಷ್ಟ ಇದೆ ಸಾರ್, ಹುಡುಗ್ರ ಹತ್ರ ನಗು, ಮನೇಲಿ ಏನಿಲ್ಲ ಕಣೆ ತಲೆನೋವು ಅಷ್ಟೆ. ಒಂದಿನ ಶೆಡ್ ಮುಂದೆ ಗಾಡಿ ನಿಲ್ಸಿ ಹೆಲ್ಮೆಟ್ಟೂ ತೆಗೀದೆ ಮುಕ್ಕಾಲು ಗಂಟೆ ಕೂತ್ಬಿಟ್ಟಿದೀನಿ, ಒಳಗಿಂದ ಹುಡುಗ ಬಂದು ಪೆಟ್ರೋಲ್ ಖಾಲಿ ಆಯ್ತಾ ಅಣ್ಣ ಅಂದ.

ಆಮೇಲೆ ಪಕ್ಕದ ಶೆಡ್ಡಿನ ಯಜಮಾನ್ರ ಜೊತೆ ಟೀ ಕುಡೀತಾ ಬಾಯ್ಬಿಟ್ಟೆ. ಅವ್ರು ಬುದ್ಧಿ ಹೇಳಕ್ಕೆ ಹೋಗ್ಲಿಲ್ಲ, ನಿನ್ನ ಓಡಿ (ಬ್ಯಾಂಕಿನ ಓವರ್‌ಡ್ರಾಫ್ಟ್ ಸಾಲ) ಎಷ್ಟಿದೆ ಅಂತ ಕೇಳಿ ಅವ್ರದ್ದು ಹೇಳಿದ್ರು. ನಂದಕ್ಕಿಂತ ದೊಡ್ಡದು! ಅವತ್ತು ರಾತ್ರಿ ನಿದ್ದೆ ಬಂತು. ಅದೊಂದರಲ್ಲೇ ಸರಿಹೋಗ್ಲಿಲ್ಲ, ಡಾಕ್ಟರ್ ಹತ್ರನೂ ಹೋದೆ. ನಿಮಗೆ ವಾರಗಟ್ಟಲೆ ನಿದ್ದೆ ಇಲ್ಲ, ಸಾಯೋ ಯೋಚನೆ ಬರ್ತಿದೆ ಅಂದ್ರೆ ಟೀ ಅಂಗಡಿ ನಂಬ್ಕೊಂಡು ಕೂರ್ಬೇಡಿ, ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ, ದಿನದ 24 ಗಂಟೆನೂ ಇರುತ್ತೆ.

ಕೊನೆಗೆ ಲೆಕ್ಕದ ಬುಕ್ ತಗೊಂಡೋಗಿ ಹೆಂಡತಿ ಕೈಗೇ ಕೊಟ್ಟೆ. ಬೈತಾಳೆ ಅನ್ಕೊಂಡಿದ್ದೆ, ಎರಡು ದಿನ ನೋಡಿ, ಮೂರನೇ ಮಷಿನ್ನು ಅದರ ಇಎಂಐ ಅಷ್ಟೂ ದುಡೀತಿಲ್ಲ, ಯಾಕ್ರೀ ಇಟ್ಕೊಂಡಿದೀರ ಅಂದ್ಲು. ಮಾರ್ದೆ. ಆ ಜಾಗದಲ್ಲಿ ಈಗ ಹುಡುಗ್ರು ಕೇರಂ ಬೋರ್ಡ್ ಇಟ್ಕೊಂಡಿದಾರೆ.